ಹೊಸ ಮಾರ್ಗಕ್ಕೆ ಹಣವುಂಟು, ಹಳೆ ಮಾರ್ಗದ ಹಣವೆಲ್ಲಿ?

ಮಳೆ ಹಿಡಿಯಿತೆಂದರೆ ನಮ್ಮ ಕಚೇರಿಗೆ ಬರುವ ಓದುಗರ ಪತ್ರಗಳ ಜಾತಿಯೇ ಬದಲಾಗುತ್ತದೆ. ಅಡಿಕೆಯ ಧಾರಣೆ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರಿಲ್ಲದ ದೂರು ಇವೆಲ್ಲ ಒಂದು ಬದಿಗೆ ಸರಿದು ಮಾರ್ಗದ ಪತ್ರಗಳು ರಾಶಿ ಬೀಳುತ್ತವೆ. ಹೊಂಡದಲ್ಲಿ ಬಾಳೆ ನೆಡಬಹುದು ಎಂಬ ಮಾತು ಅವುಗಳಲ್ಲಿ ತಪ್ಪದೆ ಇರುತ್ತದೆ. ಕೊನೆಗೆ ಬರುವ ಬೇಡಿಕೆಯೂ ಒಂದೇ: ನಮ್ಮ ಊರಿಗೆ ಹೊಸ ಮಾರ್ಗ ಮಾಡಿಕೊಡತಕ್ಕದ್ದು. ಆದರೆ ಇದ್ದ ಮಾರ್ಗದ ದುರಸ್ತಿಗೆಂದೇ ಪ್ರತಿವರ್ಷ ಪಂಚಾಯತಿಗೆ ಬರುವ ಹಣವೆಷ್ಟು, ಅದರಲ್ಲಿ ನಮ್ಮ ಮಾರ್ಗದ ಪಾಲೇನು ಎಂದು ಕೇಳಿದ ಪತ್ರ ತೀರ ಅಪರೂಪ. ಯಾರೂ ಕೇಳದ ಈ ಪ್ರಶ್ನೆಯನ್ನು ಈ ಸಲ ನಾವೇ ಎತ್ತಿಕೊಂಡಿದ್ದೇವೆ.

ನಾವು ಮಾತನಾಡುತ್ತಿರುವುದು ತಲಪಾಡಿಯಿಂದ ಚೆಂಗಳದ ವರೆಗೆ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿಯ ಬಗ್ಗೆ ಅಲ್ಲ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ಮಾರ್ಗದ ಬಗ್ಗೆಯೂ ಅಲ್ಲ, ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯ ಬಗ್ಗೆಯೂ ಅಲ್ಲ. ಅವಕ್ಕೆಲ್ಲ ದೊಡ್ಡ ಯಜಮಾನರಿದ್ದಾರೆ. ಆ ದೊಡ್ಡ ಮಾರ್ಗದಿಂದ ಬಲಕ್ಕೋ ಎಡಕ್ಕೋ ತಿರುಗಿ, ಗುಡ್ಡೆ ಇಳಿದು, ಸಂಕ ದಾಟಿ, ಹತ್ತು ಹದಿನೈದು ಮನೆಗಳಿಗೆ ಹೋಗಿ ಮುಟ್ಟುವ ಒಳಮಾರ್ಗವುಂಟಲ್ಲ, ನಮ್ಮ ಮಾತು ಅದರದ್ದು. 1994ರ ಕೇರಳ ಪಂಚಾಯತು ರಾಜ್ ಕಾನೂನಿನಂತೆ ಹೆದ್ದಾರಿಗಳು ಮತ್ತು ಪ್ರಮುಖ ಜಿಲ್ಲಾ ಮಾರ್ಗಗಳ ಹೊರತು ಊರೊಳಗಿನ ಸಾರ್ವಜನಿಕ ಮಾರ್ಗಗಳು ಗ್ರಾಮ ಪಂಚಾಯತಿನ ವಶ. ನಮ್ಮ ಜಿಲ್ಲೆಯಲ್ಲಿ ಗ್ರಾಮ ಪಂಚಾಯತುಗಳು 38, ನಗರಸಭೆಗಳು 3. ಕನ್ನಡದ ಮನೆಗಳಲ್ಲಿ ಹೆಚ್ಚಿನವು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತುಗಳಲ್ಲಿ, ಅದೂ ಪೇಟೆಯಿಂದ ದೂರದ ತೋಟಗಳಲ್ಲಿ ಇರುವುದರಿಂದ, ಒಳಮಾರ್ಗ ಹಾಳಾದರೆ ಮೊದಲ ಪೆಟ್ಟು ಬೀಳುವುದು ನಮ್ಮವರಿಗೇ.

ಈ ಮಾರ್ಗಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ಹೇಳಬೇಕು. 1956ರ ನವೆಂಬರ 1ರ ವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ದೊಡ್ಡ ಮಾರ್ಗಗಳು ಮಂಗಳೂರಿನ ಡಿಸ್ಟ್ರಿಕ್ಟು ಬೋರ್ಡಿನ ಲೆಕ್ಕದಲ್ಲಿದ್ದವು. ಆಗಿನ ಕಾಲದಲ್ಲಿ ಮಾರ್ಗದ ಖರ್ಚಿಗೆ ಗಾಡಿಗಳಿಂದ ಸುಂಕ ಎತ್ತುವ ಗೇಟುಗಳಿದ್ದವು. 1931ರಲ್ಲಿ ಮದ್ರಾಸು ಸರಕಾರ ಮೋಟಾರು ವಾಹನ ತೆರಿಗೆಯ ಕಾನೂನು ತಂದು ಆ ಸುಂಕಗಳನ್ನು ತೆಗೆದಾಗ, ಅದಕ್ಕೆ ಬದಲಾಗಿ ಸ್ಥಳೀಯ ಬೋರ್ಡುಗಳಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಕೇರಳಕ್ಕೆ ಸೇರಿದ ಮೇಲೂ ವಾಹನ ತೆರಿಗೆಯ ಪರಿಹಾರವೆಂದು ಒಂದು ಮೊತ್ತ ಪಂಚಾಯತುಗಳಿಗೆ ಬರುತ್ತಿತ್ತು. ಗಾಡಿ ಓಡಿಸುವವನ ಹಣ ಗಾಡಿ ಓಡುವ ಮಾರ್ಗಕ್ಕೆ ಎಂಬ ನೇರ ಲೆಕ್ಕ ಅದು, ಯಾರಿಗೂ ಅರ್ಥವಾಗುವಂಥದ್ದು. ಒಳಮಾರ್ಗಗಳ ಕಥೆಯೇ ಬೇರೆ. ಅವುಗಳನ್ನು ಯಾವ ಬೋರ್ಡೂ ಮಾಡಲಿಲ್ಲ. ಐವತ್ತು ಅರುವತ್ತರ ದಶಕಗಳಲ್ಲಿ ಶ್ರಮದಾನದ ಹೆಸರಿನಲ್ಲಿ ಊರಿನವರೇ ಹಾರೆ ಪಿಕ್ಕಾಸು ಹಿಡಿದು ಗುಡ್ಡೆ ಕಡಿದರು; ಜಾಗದವರು ಬಾಯಿಮಾತಿನಲ್ಲಿ ನೆಲ ಬಿಟ್ಟರು; ಎತ್ತಿನ ಗಾಡಿ ಹೋಗುವಲ್ಲಿ ಕ್ರಮೇಣ ಜೀಪು ಹೋಯಿತು. 1996ರ ಆಗಸ್ಟ್ 17ರಂದು ಜನಕೀಯ ಯೋಜನೆ ಆರಂಭವಾಗಿ ಪಂಚಾಯತುಗಳ ಕೈಗೆ ಹಣ ಬಂದಾಗ ಇವುಗಳಿಗೆ ಜಲ್ಲಿ ಬಿತ್ತು, ಡಾಮರು ಬಿತ್ತು. ಊರೂರಿಗೆ ಮಾರ್ಗ ಮುಟ್ಟಿದ್ದು ಆ ಕಾಲದ ದೊಡ್ಡ ಸಾಧನೆ, ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಾಡಿದ್ದನ್ನು ಉಳಿಸಿಕೊಳ್ಳುವ ಖರ್ಚು ಅಂದೇ ಹುಟ್ಟಿಕೊಂಡಿತು ಎಂಬುದು ಬಹಳ ಮಂದಿಯ ಗಮನಕ್ಕೆ ಬರಲಿಲ್ಲ.

ಇಂದು ಪೆಟ್ರೋಲ್ ಬಂಕಿನಲ್ಲಿ ಕೊಡುವ ತೆರಿಗೆ, ಗಾಡಿಗೆ ಕಟ್ಟುವ ತೆರಿಗೆ ನಮ್ಮ ಒಳಮಾರ್ಗಕ್ಕೆ ನೇರ ಬರುತ್ತದೆಂದು ಯಾರಾದರೂ ನಂಬಿದ್ದರೆ ಆ ನಂಬಿಕೆ ಬಿಡಬೇಕು. ವಾಹನ ತೆರಿಗೆಯ ಒಂದು ದೊಡ್ಡ ಪಾಲು, ಪೆಟ್ರೋಲಿನ ಮೇಲಿನ ಲೀಟರಿಗೆ 1 ರೂಪಾಯಿಯ ಸೆಸ್ಸು, ಇವೆರಡನ್ನೂ 2016ರ ಬಳಿಕ ದೊಡ್ಡ ಕಾಮಗಾರಿಗಳಿಗೆ ಹಣ ಒದಗಿಸುವ ಕಿಫ್ಬಿಗೆ ಗೊತ್ತುಮಾಡಲಾಯಿತು. 2023ರ ಮುಂಗಡಪತ್ರದಲ್ಲಿ ಪೆಟ್ರೋಲು ಡೀಸೆಲಿನ ಮೇಲೆ ಹೇರಿದ ಲೀಟರಿಗೆ 2 ರೂಪಾಯಿ ಸಾಮಾಜಿಕ ಪಿಂಚಣಿಯ ಹೆಸರಿನದ್ದು.

ಹಾಗಾದರೆ ಪಂಚಾಯತಿಗೆ ಮಾರ್ಗದ ಹಣ ಬರುವುದೆಲ್ಲಿಂದ? ಇಲ್ಲಿಯೇ ಓದುಗರು ಒಂದು ವಿಷಯವನ್ನು ಮನಸ್ಸಿಟ್ಟು ಓದಬೇಕೆಂದು ನಮ್ಮ ಕೋರಿಕೆ.

ಐದೈದು ವರ್ಷಕ್ಕೊಮ್ಮೆ ನೇಮಕವಾಗುವ ರಾಜ್ಯ ಹಣಕಾಸು ಆಯೋಗ, ರಾಜ್ಯದ ಸ್ವಂತ ತೆರಿಗೆಯ ಆದಾಯದಲ್ಲಿ ಪಂಚಾಯತು, ನಗರಸಭೆಗಳಿಗೆ ಎಷ್ಟು ಹೋಗಬೇಕೆಂದು ಶಿಫಾರಸು ಮಾಡುತ್ತದೆ. ಹಾಗೆ ಬರುವ ಹಣ ಮೂರು ಚೀಲಗಳಲ್ಲಿ ಬರುತ್ತದೆ. ಒಂದು ಅಭಿವೃದ್ಧಿ ನಿಧಿ, ಯೋಜನೆಯ ಹಣ. ಇನ್ನೊಂದು ಸಾಮಾನ್ಯ ಉದ್ದೇಶದ ನಿಧಿ, ಆಡಳಿತದ ಖರ್ಚಿನದ್ದು. ಮೂರನೆಯದ್ದು ನಿರ್ವಹಣಾ ನಿಧಿ. ಈ ಮೂರನೆಯ ಚೀಲದಲ್ಲಿಯೂ ಎರಡು ಗಂಟು: ಮಾರ್ಗಗಳಿಗೆ ಒಂದು, ಶಾಲೆ, ಆಸ್ಪತ್ರೆ, ಅಂಗನವಾಡಿ ಮುಂತಾದವುಗಳಿಗೆ ಇನ್ನೊಂದು. ಮಾರ್ಗದ ಗಂಟು ಇದ್ದ ಮಾರ್ಗಗಳನ್ನು ದುರಸ್ತಿಯಲ್ಲಿಡುವುದಕ್ಕೆಂದೇ ಇರುವಂಥದ್ದು. ಪ್ರತಿಯೊಂದು ಪಂಚಾಯತಿಗೆ ಆ ವರ್ಷ ಎಷ್ಟು ಎಂಬುದು ರಾಜ್ಯ ಮುಂಗಡಪತ್ರದ ನಾಲ್ಕನೆಯ ಅನುಬಂಧದಲ್ಲಿ ಪಂಚಾಯತಿನ ಹೆಸರಿನ ಎದುರು ಅಚ್ಚಾಗಿರುತ್ತದೆ. ಇದು ಗುಟ್ಟಿನ ಕಾಗದವೇನೂ ಅಲ್ಲ. ವಿಧಾನಸಭೆಯಲ್ಲಿ ಮಂಡಿಸಿದ ದಾಖಲೆ.

ಉಳಿದ ಮೂಲಗಳು ಇಲ್ಲವೆಂದಲ್ಲ. ಕಟ್ಟಡ ತೆರಿಗೆ ಪಂಚಾಯತಿನ ಸ್ವಂತದ್ದು. 2023ರ ಎಪ್ರಿಲಿನಿಂದ ಅದು ವರ್ಷಕ್ಕೆ ಶೇಕಡಾ 5ರಂತೆ ಏರುವ ಕ್ರಮ ಬಂತು. ಆದರೆ ಪೇಟೆಯಿಲ್ಲದ, ಕಾರ್ಖಾನೆಯಿಲ್ಲದ ನಮ್ಮ ಒಳನಾಡಿನ ಪಂಚಾಯತುಗಳಿಗೆ ಆ ತೆರಿಗೆಯಿಂದ ಬರುವುದು ಸ್ವಲ್ಪ; ದಾರಿದೀಪದ ಬಿಲ್ಲಿಗೂ ದಿನದ ಖರ್ಚಿಗೂ ಅದು ಹರಿದು ಹಂಚಿ ಹೋಗುತ್ತದೆ. ಕೇಂದ್ರದ ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ವರೆಗೆ ಗೊತ್ತುಮಾಡಿದ ಪಂಚಾಯತು ಅನುದಾನದಲ್ಲಿ ಶೇಕಡಾ 60 ಕುಡಿಯುವ ನೀರು, ನೈರ್ಮಲ್ಯಗಳಿಗೆ ಕಟ್ಟಿಹಾಕಿದ್ದಾಗಿತ್ತು. ಶಾಸಕರ ನಿಧಿಯೆಂದು ನಾವು ಕರೆಯುವುದರ ಪೂರ್ಣ ಹೆಸರೇ ಆಸ್ತಿ ಅಭಿವೃದ್ಧಿ ನಿಧಿ. ಪ್ರಭಾಕರನ್ ಆಯೋಗದ ವರದಿಯ ಬಳಿಕ ಬಂದ ಕಾಸರಗೋಡು ಪ್ಯಾಕೇಜಿನ ಮಾರ್ಗಗಳೂ ಹೊಸ ಕಾಮಗಾರಿಗಳೇ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯೊಂದು ಮಾತ್ರ ಈ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಿತು: ಮಾರ್ಗ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂದು ಕರಾರಿನಲ್ಲೇ ಬರೆಯಿತು. ಐದು ವರ್ಷದ ಬಳಿಕ ಭಾರ ಇತ್ತ ಕಡೆಗೇ.

ಹೊಸ ಮಾರ್ಗಕ್ಕೆ ಹಣ ಕೊಡುವವರು ಹಲವರು, ಹಳೆ ಮಾರ್ಗಕ್ಕೆ ಹೆಚ್ಚುಕಡಿಮೆ ಒಂದೇ ಗಂಟು. ಹೊಸ ಮಾರ್ಗಕ್ಕೆ ಉದ್ಘಾಟನೆಯುಂಟು, ನಗುವ ಮುಖದ ಫ್ಲೆಕ್ಸುಂಟು. ಕಣಿ ಬಿಡಿಸಿದ್ದಕ್ಕೆ, ಮೋರಿಯ ಕಸ ತೆಗೆದದ್ದಕ್ಕೆ ಫ್ಲೆಕ್ಸು ಕಟ್ಟಿದವರನ್ನು ನಾವಂತೂ ಕಂಡಿಲ್ಲ.

ಆಸ್ತಿ ರಿಜಿಸ್ಟರಿನಲ್ಲಿ ಹೆಸರುಂಟೇ?

ಆ ಒಂದು ಗಂಟನ್ನು ಬಿಚ್ಚುವ ಬೀಗದಕೈ ಪಂಚಾಯತು ಕಚೇರಿಯ ಆಸ್ತಿ ರಿಜಿಸ್ಟರು. (ಮಲಯಾಳದಲ್ಲಿಯೂ ಇದನ್ನು ಆಸ್ತಿ ರಿಜಿಸ್ಟರೆಂದೇ ಹೇಳುವುದು; ಈ ಒಂದು ಕಡೆ ಭಾಷೆಯ ತೊಡಕಿಲ್ಲ!) ಮಾರ್ಗದ ಹೆಸರು, ಉದ್ದ, ಅಗಲ, ಡಾಮರೋ ಕಾಂಕ್ರೀಟೋ ಮಣ್ಣಿನದ್ದೋ ಎಂಬ ವಿವರ ಅದರಲ್ಲಿರಬೇಕು. ರಿಜಿಸ್ಟರಿನಲ್ಲಿರುವ ಮಾರ್ಗ ಪಂಚಾಯತಿನ ಆಸ್ತಿ. ಅದಕ್ಕೆ ದುರಸ್ತಿಯ ಹಣ ಹಾಕಬಹುದು. ಇಲ್ಲದ್ದು, ಊರಿಡೀ ಅದರಲ್ಲೇ ಓಡಾಡಿದರೂ, ಕಾಗದದ ಮಟ್ಟಿಗೆ ಯಾರದ್ದೋ ತೋಟದ ದಾರಿ. ಅದಕ್ಕೆ ದುರಸ್ತಿಯ ನಿಧಿಯಿಂದ ಒಂದು ಬುಟ್ಟಿ ಜಲ್ಲಿ ಹಾಕಿದರೂ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆಂದು ಅಧಿಕಾರಿಗಳು ಕೈ ಹಿಂದೆ ಮಾಡಿದರೆ, ಅವರನ್ನು ದೂರಿ ಪ್ರಯೋಜನವಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ತೊಂದರೆಯುಂಟು. ನಮ್ಮ ಅಡ್ಕ, ಕಜೆ, ಮೂಲೆ, ಪದವುಗಳು ಮಲಯಾಳದ ಲಿಪಿಗೆ ಹೋಗಿ ಕುಳಿತಾಗ ಕೆಲವೊಮ್ಮೆ ಗುರುತು ಸಿಗದ ಹಾಗೆ ಆಗುತ್ತವೆ. ಮಾರ್ಗ ರಿಜಿಸ್ಟರಿನಲ್ಲಿದ್ದೂ ನಮಗೆ ಕಾಣಿಸದಿರಬಹುದು. ಹಾಗೆಯೇ ಊರಿನವರು ಒಂದು ಹೆಸರು ಹೇಳುವುದು, ಕಾಗದದಲ್ಲಿ ಇನ್ನೊಂದು ಇರುವುದು, ಕೊನೆಗೆ ಮಂಜೂರಾದ ಕೆಲಸ ಯಾವ ಮಾರ್ಗಕ್ಕೆಂದು ಚರ್ಚೆಯಾಗುವುದು ಇವೆಲ್ಲ ಆಗುವಂಥವೇ. ಆದ್ದರಿಂದ ಮಲಯಾಳ ಓದಬಲ್ಲ ಮಕ್ಕಳನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ, ಎಲ್ಲಿಂದ ಎಲ್ಲಿಗೆ ಎಂಬುದನ್ನು ನೋಡಿ, ಹೆಸರು ತಪ್ಪಿದ್ದರೆ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಬಾಯಿಮಾತಿನಲ್ಲಿ ಬಿಟ್ಟ ನೆಲ

ಮಾರ್ಗ ರಿಜಿಸ್ಟರಿಗೆ ಸೇರದಿರುವುದಕ್ಕೆ ದೊಡ್ಡ ಕಾರಣ ಪಂಚಾಯತಿನ ಉದಾಸೀನವಲ್ಲ, ನಮ್ಮೊಳಗಿನ ನೆಲದ ತಕರಾರು. ಹೀಗೆ ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಬೇಕಾಗಿದೆ. ಅಜ್ಜನ ಕಾಲದಲ್ಲಿ ನೆಲ ಬಿಟ್ಟದ್ದು ಮಾತಿನ ಮೇಲೆ. ಸರ್ವೆಯ ದಾಖಲೆಯಲ್ಲಿ ಅದು ಇನ್ನೂ ಜಾಗದವರ ಹೆಸರಿನಲ್ಲೇ ಇದೆ. ಅಜ್ಜ ತೀರಿಕೊಂಡು, ಪಾಲಾಗಿ, ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ದುಬಾಯಿಯಲ್ಲಿ, ಮಗಳನ್ನು ಪುತ್ತೂರಿನ ಆಚೆಗೆ ಕೊಟ್ಟಾಗಿದೆ. ಪಂಚಾಯತಿಗೆ ನೆಲ ಬಿಟ್ಟುಕೊಟ್ಟ ಪತ್ರಕ್ಕೆ ಇವರೆಲ್ಲರ ಸಹಿ ಬೇಕು. ಮೇಲಿನ ಮನೆಯವರು ಸಹಿ ಹಾಕಿದರೆ ಕೆಳಗಿನ ಮನೆಯವರು ಹಾಕುವುದಿಲ್ಲ. ಮಾರ್ಗ ಬರಲಿ, ಆದರೆ ಗುಡ್ಡೆಯ ಬದಿಯಿಂದ ಬರಲಿ, ನಮ್ಮ ಅಡಿಕೆ ಮರಕ್ಕೆ ತಾಗಬಾರದು ಎಂಬ ವಾದ ಯಾವ ಊರಿನಲ್ಲಿಲ್ಲ? ಎರಡಡಿ ನೆಲಕ್ಕಾಗಿ ಸರಪಳಿ ಕಟ್ಟಿದ ದಾರಿಗಳೂ ಇವೆ.

ನೆಲ ಬಿಡುವವರ ಹಿಂಜರಿಕೆಯಲ್ಲಿ ನ್ಯಾಯವಿಲ್ಲವೆಂದು ನಾವು ಹೇಳುವುದಿಲ್ಲ. ಒಮ್ಮೆ ಪಂಚಾಯತಿನ ವಶಕ್ಕೆ ಹೋದ ಮಾರ್ಗ ಎಲ್ಲರದ್ದು; ಬೇಕೆಂದಾಗ ಗೇಟು ಹಾಕುವಂತಿಲ್ಲ. ಚಿಕ್ಕ ಹಿಡುವಳಿದಾರನಿಗೆ ನಾಲ್ಕು ಸೆಂಟ್ಸು ಹೋದರೂ ಹೋದದ್ದೇ. ಆದರೆ ಇನ್ನೊಂದು ಮಗ್ಗುಲೂ ಇದೆ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕದ ಕಡೆಗಳಲ್ಲಿ ಎಂಡೋಸಲ್ಫಾನಿನಿಂದ ನೊಂದ ಮನೆಗಳು ಎಷ್ಟೋ ಗುಡ್ಡೆಯ ಓರೆಯಲ್ಲಿವೆ. ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಆಸ್ಪತ್ರೆಗೆ ಕೊಂಡೊಯ್ಯುವ ದಿನ ಆಂಬುಲೆನ್ಸು ಮನೆಯಂಗಳಕ್ಕೆ ಬರುತ್ತದೋ ಅಥವಾ ಕುರ್ಚಿಯಲ್ಲಿ ಕೂರಿಸಿ ಗುಡ್ಡೆ ಹತ್ತಿಸಬೇಕೋ ಎಂಬುದು ಆ ಸಹಿಯ ಮೇಲೆ ನಿಂತಿದೆ. ಮಕ್ಕಳು ದೂರದಲ್ಲಿದ್ದು ಇಬ್ಬರೇ ವೃದ್ಧರು ಉಳಿದಿರುವ ತೋಟದ ಮನೆಗಳು ನಮ್ಮ ಸಮಾಜದಲ್ಲಿ ಈಗ ಕಡಿಮೆಯೇನಲ್ಲ. ಆಟಿ ತಿಂಗಳ ರಾತ್ರಿ ಎದೆನೋವು ಬಂದರೆ ಆಟೋದವನು ಫೋನಿನಲ್ಲಿ ಕೇಳುವ ಮೊದಲ ಮಾತು ಮಾರ್ಗ ಹೇಗಿದೆ ಎಂದು. ಮಾರ್ಗವಿಲ್ಲವೆಂಬ ಒಂದೇ ಕಾರಣಕ್ಕೆ ತೋಟ ಮಾರಿ ಮಂಗಳೂರಿನ ಫ್ಲಾಟಿಗೆ ಹೋದ ಮನೆತನಗಳನ್ನು ಓದುಗರೂ ಬಲ್ಲರು. ಹಾಗೆ ಹೋದ ಪ್ರತಿಯೊಂದು ಮನೆಯೊಡನೆ ಊರಿನ ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದಲೂ ಹೆಸರುಗಳು ಹೋಗುತ್ತವೆ.

ಸಹಿಯ ಮಾತುಕತೆಗೆ ಪಂಚಾಯತು ಮೆಂಬರರನ್ನು ಕಾಯುವುದಕ್ಕಿಂತ, ಮನೆಯ ಪೂಜೆಗೋ ಮದುವೆಗೋ ದೂರದ ಮಕ್ಕಳು ಬಂದು ಸೇರಿದ ದಿನ ಊರಿನ ಹಿರಿಯರೇ ಕುಳಿತು ಮುಗಿಸುವುದು ಸುಲಭ. ಕೆಲವು ಕಡೆ ಹಾಗೆ ಆಗಿದೆ ಕೂಡ.

ಇನ್ನು ಬಂದ ಹಣ ಹೋಗುವ ರೀತಿ. ಉದಾಹರಣೆಗೆ, ಒಂದು ಪಂಚಾಯತಿಗೆ ಮಾರ್ಗದ ದುರಸ್ತಿಗೆ 1 ಕೋಟಿ ರೂಪಾಯಿ ಬಂತೆನ್ನೋಣ. ವಾರ್ಡುಗಳು 20. ಯಾರಿಗೂ ಬೇಸರವಾಗಬಾರದೆಂದು ಸಮಪಾಲು ಮಾಡಿದರೆ ವಾರ್ಡಿಗೆ 5 ಲಕ್ಷ. ಮೆಂಬರರು ಅದನ್ನು ಮೂರು ಮಾರ್ಗಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದೂಮುಕ್ಕಾಲು ಲಕ್ಷವೂ ಇಲ್ಲ. ಅದರಲ್ಲಿ ಆಗುವುದೇನು? ಏರಿನ ಒಂದು ತುಂಡಿಗೆ ಕಾಂಕ್ರೀಟು, ಅದರ ಎರಡು ತುದಿಯಲ್ಲಿ ಮುಂಚಿನದ್ದೇ ಹೊಂಡ. ಮರುವರ್ಷ ಇನ್ನೊಂದು ತುಂಡು. ಅಷ್ಟರಲ್ಲಿ ಮೊದಲಿನ ತುಂಡಿನ ಅಂಚು ಕೊರೆದು ಹೋಗಿರುತ್ತದೆ. ಸಮಪಾಲು ನ್ಯಾಯದ ಹಾಗೆ ಕಾಣುತ್ತದೆ, ಆದರೆ ಮಾರ್ಗಕ್ಕೆ ಅದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ವರ್ಷ ಐದು ವಾರ್ಡುಗಳ ಮುಖ್ಯ ಒಳಮಾರ್ಗಗಳನ್ನು ತುದಿಯಿಂದ ತುದಿಗೆ ಸರಿಮಾಡಿ, ಮರುವರ್ಷ ಇನ್ನೈದಕ್ಕೆ ಹೋಗುವ ಧೈರ್ಯ ಪಂಚಾಯತು ಸಮಿತಿಗಳಿಗೆ ಬರಬೇಕು. ನಮ್ಮ ಸರದಿ ನಾಲ್ಕನೆಯ ವರ್ಷಕ್ಕೆ ಎಂದರೆ ತಾಳಿಕೊಳ್ಳುವ ಮನಸ್ಸು ನಮಗೂ ಬರಬೇಕು.

ಮಾರ್ಗದ ಶತ್ರು ಲಾರಿಯಲ್ಲ, ನೀರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಗುಡ್ಡೆಯಿಂದ ಇಳಿದ ನೀರಿಗೆ ಬದಿಯಲ್ಲಿ ಕಣಿ ಇಲ್ಲದಿದ್ದರೆ ಅದು ಮಾರ್ಗವನ್ನೇ ಕಣಿ ಮಾಡಿಕೊಳ್ಳುತ್ತದೆ. ಡಾಮರಿನ ಅಡಿಗೆ ನೀರು ಹೊಕ್ಕು ಜಲ್ಲಿ ಸಡಿಲವಾದರೆ ಮೇಲಿನಿಂದ ಎಷ್ಟು ತೇಪೆ ಹಾಕಿದರೂ ನಿಲ್ಲದು. ಕಣಿ ಇಲ್ಲದಿರುವುದಕ್ಕೂ ಪಂಚಾಯತನ್ನೇ ದೂರುವ ಮೊದಲು ನಮ್ಮ ಗೇಟಿನ ಎದುರು ನೋಡಬೇಕು. ಕಾರು ಒಳಗೆ ಬರಲೆಂದು ಕಣಿಗೆ ಪೈಪು ಇಡದೆ ಮಣ್ಣು ತುಂಬಿಸಿದವರು ಯಾರು? ಕಂಪೌಂಡು ಗೋಡೆಯನ್ನು ಕಣಿಯ ಮೇಲೆಯೇ ಎಬ್ಬಿಸಿದವರು ಯಾರು? ಇದರ ಮೇಲೆ, ಜಲಜೀವನ್ ಯೋಜನೆಯ ಕೊಳವೆಗೆಂದು ಅಗೆದು ಮಣ್ಣು ಮುಚ್ಚಿ ಬಿಟ್ಟ ಅಂಚುಗಳು ಎಷ್ಟೋ ಮಾರ್ಗಗಳನ್ನು ಮೊದಲ ಮಳೆಗೇ ಮುಗಿಸಿವೆ. ಅಗೆದವರೇ ಮೊದಲಿನಂತೆ ಮಾಡಿಕೊಡಬೇಕೆಂಬ ಷರತ್ತು ಕಾಗದದಲ್ಲಿದ್ದರೆ ಸಾಲದು.

ಪತ್ತನಾಜೆಗೆ ಮೊದಲು ಕಣಿ ಬಿಡಿಸಿ, ಮೋರಿಯ ಬಾಯಿ ತೆರೆದರೆ ಮಾರ್ಗದ ಆಯುಷ್ಯ ಎರಡು ಮೂರು ಮಳೆಗಾಲ ಹೆಚ್ಚುತ್ತದೆಂದು ಹಳೆಯ ಓವರ್ಸಿಯರುಗಳು ಹೇಳುತ್ತಿದ್ದರು. ಎಲ್ಲ ಕೆಲಸಗಳಲ್ಲಿ ಅತಿ ಅಗ್ಗದ್ದು ಇದು. ಆದರೆ ಸರಕಾರದ ವರ್ಷ ಮಾರ್ಚಿಗೆ ಮುಗಿಯುತ್ತದೆ. ಯೋಜನೆ ಬರೆದು, ಸುಲೇಖ ಎಂಬ ಗಣಕದ ಲೆಕ್ಕಕ್ಕೆ ಏರಿಸಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಪಡೆದು, ಇಂಜಿನಿಯರರ ಎಸ್ಟಿಮೇಟು, ಟೆಂಡರು, ಕರಾರು ಎಲ್ಲ ಮುಗಿಯುವಾಗ ಹೆಚ್ಚಾಗಿ ಮಾರ್ಚ್ ಬಾಗಿಲಿಗೆ ಬಂದಿರುತ್ತದೆ. ಅವಸರದ ಡಾಮರು ಬೀಳುವುದು ಆಗಲೇ. ಮೇಲಾಗಿ ಖಜಾನೆಯಲ್ಲಿ ಹಣದ ಮುಗ್ಗಟ್ಟು ಬಂದ ವರ್ಷಗಳಲ್ಲಿ ಬಿಲ್ಲುಗಳು ಸರದಿಯಲ್ಲಿ ನಿಲ್ಲುತ್ತವೆ; ಮಾಡಿದ ಕೆಲಸಕ್ಕೆ ಹಣ ಯಾವಾಗಲೆಂದು ಗೊತ್ತಿಲ್ಲದ ಗುತ್ತಿಗೆದಾರ ಸಣ್ಣ ದುರಸ್ತಿಯ ಟೆಂಡರಿಗೆ ಬರುವುದೇ ಇಲ್ಲ. ಹೀಗೆ ಹಣವಿದ್ದೂ ಕೆಲಸ ಬಿದ್ದುಕೊಂಡಿರುತ್ತದೆ.

ಗಡಿಗೆ ತಾಗಿದ ವರ್ಕಾಡಿ, ಎಣ್ಮಕಜೆ, ದೇಲಂಪಾಡಿಯ ಒಳಮಾರ್ಗಗಳ ಪಾಡು ಇನ್ನೊಂದು ಬಗೆಯದ್ದು. ಇತ್ತ ಕೇರಳದ ಪಂಚಾಯತು, ಅತ್ತ ಕರ್ನಾಟಕದ್ದು. ಎರಡರ ಹಣ ಬರುವ ಕಾಲ ಬೇರೆ, ಲೆಕ್ಕ ಬೇರೆ. ಅರ್ಧ ಮಾರ್ಗ ಸರಿಯಾದರೆ ಇನ್ನರ್ಧ ಹಾಗೆಯೇ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ಮಾರ್ಗಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಕಷ್ಟ ಮರೆಯುವಂಥದ್ದಲ್ಲ. ಮಣ್ಣು ತೆಗೆದಾಯಿತು. ಆದರೆ ಹೊಂಡಗಳು ಅಲ್ಲಿಯೇ ಇವೆ.

ಓದುಗರು ಈಗ ಮಾಡಬಹುದಾದ್ದು ಇಷ್ಟು. ಕೇರಳದಲ್ಲಿ ಗ್ರಾಮಸಭೆ ಪ್ರತಿ ವಾರ್ಡಿಗೊಂದು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನು. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಮಲಯಾಳದಲ್ಲಿ ಮಾತಾಗುತ್ತದೆಂದು ನಮ್ಮ ಹಿರಿಯರು ಹಿಂದಿನ ಸಾಲಿನಲ್ಲಿ ಕುಳಿತು ಸಹಿ ಹಾಕಿ ಬರುವುದುಂಟು. ಹಾಗೆ ಮಾಡಬಾರದು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿಯೇ ಹೇಳಿದೆ. ಕನ್ನಡದಲ್ಲಿಯೇ ಬರೆಯಿರಿ.

ಬರೆಯುವಾಗ ಹೊಸ ಮಾರ್ಗ ಬೇಕು ಎಂದಷ್ಟೇ ಬರೆಯಬೇಡಿ. ಈ ವರ್ಷ ಮಾರ್ಗದ ನಿರ್ವಹಣಾ ನಿಧಿಯೆಂದು ನಮ್ಮ ಪಂಚಾಯತಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು. ನಮ್ಮ ಮಾರ್ಗ ಆಸ್ತಿ ರಿಜಿಸ್ಟರಿನಲ್ಲಿ ಯಾವ ಹೆಸರಿನಲ್ಲಿ, ಎಷ್ಟು ಉದ್ದ ಅಗಲಕ್ಕೆ ಇದೆ. ಇಲ್ಲದಿದ್ದರೆ ಯಾರ ಯಾರ ಒಪ್ಪಿಗೆ ಪತ್ರ ಬಾಕಿ. ಕಣಿ ಬಿಡಿಸುವ ಕೆಲಸ ಮಳೆಗೆ ಮೊದಲು ಯಾವ ತಿಂಗಳಲ್ಲಿ? ಇವುಗಳನ್ನು ಒಂದೇ ಹಾಳೆಯಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ತಾರೀಕಿನ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಡಿ 10 ರೂಪಾಯಿ ಕಟ್ಟಿ ಅದನ್ನೇ ಕೇಳಬಹುದು; 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ಒಂದು ಪ್ರತಿಯನ್ನು ನಮಗೂ ಕಳುಹಿಸಿದರೆ, ಪಂಚಾಯತಿನ ಹೆಸರಿನೊಂದಿಗೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ.